ಬಯಾಲಜಿಗೆ ಹೆಬ್ಬೆಟ್ಟು

"ಅಲ್ಲೇ ನಿಂದ್ರು! ಇನ್ನೊಂದು ಹೆಜ್ಜಿ ಮುಂದ ಇಟ್ಟೀ ಅಂದ್ರ ಕಾಲ ಮುರೀತೇನಿ!"

ಲಗಮಣ್ಣ ಒದರಿದ ರಭಸಕ್ಕೆ ಸುತ್ತ ಕೂತಿದ್ದ ಕಾಗೆಗಳೆಲ್ಲ ಎದ್ದು ಹಾರಿದವು. ಮನೋಳಿ ಊರಿನ ಕೆಳಗೆ, ಮಲಪ್ರಭೆಯ ಉಸುಕಿನಲ್ಲಿ, ಮಲಕಾಜಪ್ಪಗೌಡರ ಸತ್ತ ಎತ್ತಿನ ಚರ್ಮ ಸುಲಿಯುತ್ತ ಕೂತಿದ್ದ ಅವನು. ಇಪ್ಪತ್ತು ಮಾರು ದೂರದಲ್ಲಿ, ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಮಸಿಯ ದೌತಿ ಹಿಡಿದು ನಿಂತವನು ಅವನ ಒಬ್ಬನೇ ಮಗ ಶಟ್ಟೆಪ್ಪ. ಮಹಾಯುದ್ಧ ಮುಗಿದ ಆ ವರ್ಷ ಧಾರವಾಡದಲ್ಲಿ ಮ್ಯಾಟ್ರಿಕ್ ಪಾಸಾಗಿ ಬಂದಿದ್ದ. ಇಡೀ ಕೇರಿಗೇ ಮೊದಲ ಮ್ಯಾಟ್ರಿಕ್!

ಊರಲ್ಲಿ ಸತ್ತ ದನ ಎಳೆಯುವುದು, ಸುಲಿಯುವುದು ಲಗಮಣ್ಣನ ಮನೆತನದ ಪಾಲಿಗೆ ಬಂದ ಕೆಲಸ. ಅಜ್ಜ ಮಾಡಿದ, ಅಪ್ಪ ಮಾಡಿದ, ತಾನೂ ಮಾಡುತ್ತಿದ್ದ. ಆದರೆ ಮಗನ ಕೈಗೆ ಈ ಚೂರಿ ಬರಕೂಡದು, ಅದೊಂದೇ ಅವನ ಹಟ. ದನ ಸತ್ತ ಸುದ್ದಿ ಬಂದರೆ ಸಾಕು, ಹುಡುಗನನ್ನು ಸವದತ್ತಿಯ ಸೋದರಮಾವನ ಮನೆಗೆ ಅಟ್ಟಿಬಿಡುತ್ತಿದ್ದ. ಹನ್ನೊಂದು ವರ್ಷ ಹೀಗೆ ಕಾಪಾಡಿಕೊಂಡು ಬಂದ ಮಗ ಈಗ ತಾನಾಗಿಯೇ ಇಲ್ಲಿಗೆ ಬಂದು ನಿಂತರೆ ಮೈ ಉರಿಯದೆ ಇರುತ್ತದೆಯೇ?

"ಮಧ್ಯಾಹ್ನಕ್ಕ ಟಪಾಲು ಹೋಗತೈತಿ ಯಪ್ಪಾ. ಪುಣೆ ಕಾಲೇಜಿನ ಅರ್ಜಿ. ನಿನ್ನ ಹೆಬ್ಬೆಟ್ಟು ಇಲ್ಲಂದ್ರ ತೊಗೊಳ್ಳಂಗಿಲ್ಲಂತ."

"ವಕೀಲಕೀದೇನು?"

"ಅಲ್ಲ. ಒಂದು ವರ್ಷ ಪ್ರೀವಿಯಸ್, ಒಂದು ವರ್ಷ ಇಂಟರ್. ಆಮ್ಯಾಲ ಎರಡು ವರ್ಷ ಬಿ.ಎಸ್ಸಿ. ಬಯಾಲಜಿ ಓದತೇನಿ."

"ಹಂಗಂದ್ರ?"

"ಗಿಡ, ಹುಳ, ಕಪ್ಪಿ, ದನ, ಮನಷ್ಯಾ... ಜೀವ ಇದ್ದದ್ದರ ಒಳಗ ಏನೇನು ಐತಿ, ಅದು ಹೆಂಗ ನಡೀತೈತಿ ಅನ್ನೂ ವಿದ್ಯಾ."

"ಒಳಗಿಂದು ಹೊರಗ ನಿಂತವರಿಗೆ ಹೆಂಗ ಗೊತ್ತಾಗತೈತಿ?"

ಶಟ್ಟೆಪ್ಪ ಏನಾದರೂ ಸುಳ್ಳು ಹೇಳಿ ಪಾರಾಗಬಹುದಿತ್ತು. ಆದರೆ ಅಪ್ಪನ ಮುಂದೆ ಸುಳ್ಳು ಹೊರಳುವ ನಾಲಿಗೆಯಲ್ಲ ಅದು, ಪಾಪ. "ಕೊಯ್ದು ನೋಡಬೇಕಾಗತೈತಿ," ಎಂದ.

ಲಗಮಣ್ಣನ ಕೈಯ ಚೂರಿ ನಿಂತಿತು. "ಯಾವ ಕೆಲಸಾ ಬ್ಯಾಡ ಅಂತ ನಿನ್ನ ಸಾಲಿಗೆ ಹಾಕಿದ್ನೋ, ಅದನ್ನ ಕಲಿಯಾಕ ಪುಣೇಕ್ಕ ಹೋಗ್ತೀ? ಅದೂ ನಾಕು ವರ್ಷ? ಬಾ, ಇಲ್ಲೇ ಕುಂದ್ರು, ನಾಕು ದಿನದಾಗ ಕಲಸ್ತೇನಿ!" ಮತ್ತೆ ಚೂರಿ ಆಡಿಸತೊಡಗಿದ. "ಹೆಬ್ಬೆಟ್ಟು ಒತ್ತಂಗಿಲ್ಲ. ಹೋಗು."

ಮಗ ಹೋಗಲಿಲ್ಲ. ಅಪ್ಪ ತಲೆ ಎತ್ತಲಿಲ್ಲ. ಅವನಿಗೆ ಇನ್ನೊಂದು ಕೆಲಸ ಬಾಕಿ ಇತ್ತು. ಕೇರಿಯವರೇ ಯಾರೋ ಎತ್ತಿಗೆ ವಿಷ ಹಾಕಿದ್ದಾರೆಂದು ಗೌಡರಿಗೆ ಗುಮಾನಿ. ಸಾವಿಗೆ ಬೇರೆ ಕಾರಣ ತೋರಿಸದಿದ್ದರೆ ಸಂಜೆ ಎಲ್ಲರೂ ಚಾವಡಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಲಗಮಣ್ಣ ಎತ್ತಿನ ಹೊಟ್ಟೆ ಸೀಳಿದ, ಮೊಣಕೈವರೆಗೆ ಕೈಯಾಡಿಸಿದ, ಕಡೆಗೆ ಗೇಣುದ್ದದ ಒಂದು ದಬ್ಬಣ ಹಿರಿದು ತೆಗೆದ. ಚೀಲ ಹೊಲಿಯುವ ದಬ್ಬಣ!

"ವಿಷಾ ಅಲ್ಲ, ಇದನ್ನ ಮೇವಿನ ಜೋಡಿ ನುಂಗೇತಿ ನೋಡು. ಎರಡನೇ ಚೀಲಾ ಹಾದು ಎದೀಗೆ ಚುಚ್ಚೇತಿ."

"ದನದ ಹೊಟ್ಟಿ ನಾಕು ಚೀಲ ಅಂತ ಪುಸ್ತಕದಾಗ ಐತಿ ಯಪ್ಪಾ. ಎರಡನೇದರಿಂದ ಎದಿ ಇಷ್ಟು ಹತ್ತರ ಅಂತ ಬರದಿಲ್ಲ."

ಮಾತು ಕಿವಿಯ ಪಕ್ಕದಲ್ಲೇ ಕೇಳಿತು. ಹುಡುಗ ಯಾವಾಗಲೋ ಬಂದು ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತಿದ್ದ, ಕಣ್ಣು ಆ ದಬ್ಬಣ ಚುಚ್ಚಿ ಮಾಡಿದ ತೂತಿನ ಮೇಲೆ. ಬೈಯಬೇಕೆಂದು ಬಾಯಿ ತೆರೆದ ಲಗಮಣ್ಣನಿಗೆ ಬೈಗುಳ ಬರಲಿಲ್ಲ. ಈ ಕೆಲಸದಲ್ಲಿ ಅವನನ್ನು ಮೆಚ್ಚಿ ನೋಡಿದ ಕಣ್ಣು ಇಷ್ಟು ವರ್ಷಗಳಲ್ಲಿ ಇದೇ ಮೊದಲು.

"ನಿಮಗ ಕಲಸಾವ್ರು ಯಾರು?" ಎಂದ, ದಬ್ಬಣವನ್ನು ಉಸುಕಿಗೆ ಒರೆಸುತ್ತ.

"ಪುಣೆದ ಒಬ್ರು ಶಾಸ್ತ್ರಿಗಳ ಮಗಾ ಅಂತ."

"ಅವ್ರು ದೂರ ನಿಂತು ಹೇಳೂದು, ನೀವು ಕೊಯ್ಯೂದು. ಹೌದಲ್ಲೋ?"

"ಇಲ್ಲ. ಮೊದಲ ಅವ್ರೇ ಕೊಯ್ದು ತೋರಸ್ತಾರ. ನಮ್ಮ ಮಾಸ್ತರು ಅಲ್ಲೇ ಓದಿದವ್ರು, ಕಣ್ಣಾರೆ ನೋಡ್ಯಾರ."

"ಕೊಯ್ದ ಮ್ಯಾಲ?"

"ಕೈ ತೊಳಕೋತಾರ. ಮನೀಗೆ ಹೋಗತಾರ."

"ಮನೀ ಒಳಗ?"

"ಒಳಗ."

"ಬಾವ್ಯಾಗಿನ ನೀರು ಸೇದತಾರ?"

"ಸೇದತಾರ."

ಲಗಮಣ್ಣ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡ. ಊರ ಬಾವಿಯ ಹಗ್ಗವನ್ನು ಎಂದೂ ಮುಟ್ಟಿದ ಕೈಗಳಲ್ಲ ಅವು. ಯಾರಾದರೂ ಮೇಲಿನಿಂದ ಸುರಿದರೆ ಬೊಗಸೆ ಒಡ್ಡಿ ಕುಡಿದು ಗೊತ್ತಿತ್ತು, ಅಷ್ಟೆ. ಅವನಿಗೆ ಮತ್ತೆ ಸಿಟ್ಟು ಬಂತು. ಈ ಸಲ ಮಗನ ಮೇಲಲ್ಲ. ಎದ್ದು ಹೊಳೆಗೆ ಹೋಗಿ ಉಸುಕು ಹಾಕಿ ತಿಕ್ಕಿ ತಿಕ್ಕಿ ಮೂರು ಸಲ ಕೈ ತೊಳೆದ, ಧೋತರದ ಚುಂಗಿಗೆ ಒರೆಸಿಕೊಂಡ, ಒಂದು ಸಲ ಮೂಸಿಯೂ ನೋಡಿದ. ಮಗ ಹಾಸುಗಲ್ಲಿನ ಮೇಲೆ ಕಾಗದ ಹರಡಿ ದೌತಿಯ ಮುಚ್ಚಳ ತೆಗೆದ. ಲಗಮಣ್ಣ ಹೆಬ್ಬೆಟ್ಟು ಅದ್ದಿ, ಕಾಗದಕ್ಕೆ ಬಲವಾಗಿ ಒತ್ತಿದ.

"ಹುಷಾರಿಲೆ ಒಯ್ಯಿ, ಮಸಿ ಇನ್ನೂ ಹಸೀ ಐತಿ," ಎಂದ. ನಾಲ್ಕು ಹೆಜ್ಜೆ ಹೋದವನನ್ನು ಮತ್ತೆ ಕೂಗಿ ನಿಲ್ಲಿಸಿದ.

"ಶಟ್ಯಾ, ಪುಣೇಕ್ಕ ಮುಟ್ಟಿದ ಕೂಡ್ಲೆ ಒಂದು ಕಾಗದ ಬರಿ. ಆ ಶಾಸ್ತ್ರಿಗಳ ಮಗಾ ಕೈ ತೊಳಕೊಳ್ಳೂ ಸಾಬೂನು ಯಾವುದು ಅಂತ ಕೇಳಿ ಬರಿ."