ಲಂಗ ಕಳಚುವ ದಿನ

“ಇನ್ನೊಂದು ವರ್ಷ ಬಿಡಿ ಮಾವ,” ಎಂದಳು ನಾಪ್ಲಾ, ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತು.

ಮುದುಕ ಬಾರ್ತ್ಲಿಯ ತೋಳಿನ ಮೇಲೆ ಹೊಸ ಉಣ್ಣೆಯ ಪ್ಯಾಂಟು ಇತ್ತು. ದರ್ಜಿ ಫೆಸ್ಟಿ ಒಲೆಯ ಪಕ್ಕ ಕೂತು ಚಹಾ ಹೀರುತ್ತಿದ್ದ.

“ಹೋದ ವರ್ಷವೂ ಇದನ್ನೇ ಹೇಳಿದೆ. ಒಂಬತ್ತು ತುಂಬಿತು ಕಣೇ ನನ್ನ ಮೊಮ್ಮಗನಿಗೆ.”

“ಮದುವೆಗೂ ಲಂಗದಲ್ಲೇ ಕಳಿಸ್ತಾಳೆ ಬಿಡು,” ಎಂದ ಫೆಸ್ಟಿ. “ಇಬ್ಬರಲ್ಲಿ ಮದುಮಗಳು ಯಾರು ಅಂತ ಪಾದ್ರಿಗಳೇ ಕೇಳಬೇಕಾಗತ್ತೆ.”

ನಾಪ್ಲಾ ನಗಲಿಲ್ಲ. “ಗುಡ್ಡದವರು ಕಾಯ್ತಿದ್ದಾರೆ ಮಾವ. ಪ್ಯಾಂಟು ಕಂಡ ದಿನವೇ ಒಯ್ದುಬಿಡ್ತಾರೆ.”

ಗುಡ್ಡದೊಳಗಿನ ಆ ಮಾಯದ ಜನ ಗಂಡುಮಕ್ಕಳನ್ನು ಕದ್ದು, ಅದೇ ಮುಖದ ತಮ್ಮ ಮಗುವೊಂದನ್ನು ಬಿಟ್ಟುಹೋಗುತ್ತಾರೆ, ಹೆಣ್ಣುಮಕ್ಕಳ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ದ್ವೀಪದ ಗಂಡುಮಕ್ಕಳೆಲ್ಲ ಕೆಂಪು ಲಂಗದಲ್ಲೇ ಬೆಳೆಯುತ್ತಿದ್ದರು. ಆದರೆ ನಾಪ್ಲಾಳಷ್ಟು ಹೆದರಿದವರು ಯಾರೂ ಇರಲಿಲ್ಲ. ಮಗುವನ್ನು ಬಾಗಿಲು ಹಾಕಿಕೊಂಡೇ ಮೀಯಿಸುತ್ತಿದ್ದಳು. ಬೇರೆ ಮಕ್ಕಳ ಜೊತೆ ಸಮುದ್ರಕ್ಕೆ ಬಿಡುತ್ತಿರಲಿಲ್ಲ. ಯಾರು ಕೇಳಿದರೂ ಒಂದೇ ಮಾತು: ಗುಡ್ಡದವರು.

ಜನರಿಗೆ ಇದು ಅರ್ಥವಾಗುತ್ತಿರಲಿಲ್ಲ. ಅವಳ ಗಂಡ ಮುಳುಗಿ ಸತ್ತಾಗ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಬಾರ್ತ್ಲಿ ಅಂದೇ ಎಲ್ಲರೆದುರು ಹೇಳಿದ್ದ: ಗಂಡಾದರೆ, ಪ್ಯಾಂಟು ತೊಟ್ಟ ದಿನ ಮನೆ, ಹೊಲ ಅವನದು. ಇಲ್ಲವಾದರೆ ಎಲ್ಲ ತಮ್ಮನ ಮಕ್ಕಳಿಗೆ, ಸೊಸೆ ತನ್ನ ದಾರಿ ನೋಡಿಕೊಳ್ಳಲಿ. ನೋಡಿಕೊಳ್ಳಲು ಅವಳಿಗೆ ದಾರಿಯೇ ಇರಲಿಲ್ಲ. ಹೆರಿಗೆ ಮಾಡಿಸಿದ ಅವಳ ತಾಯಿಯೂ ಆ ಚಳಿಗಾಲವೇ ತೀರಿಕೊಂಡಿದ್ದಳು. ಇಂದು ಹೊಲ ತಾನಾಗಿ ಮಡಿಲಿಗೆ ಬೀಳುತ್ತಿರುವಾಗ ಬೇಡವೆನ್ನುವುದೇ?

“ಕೋಲ್ಮನ್, ಬಾರೋ ಗಂಡಸೇ!” ಎಂದು ಮುದುಕ ಕರೆದ.

ಮಗು ಮೂಲೆಯಲ್ಲಿ ಎರಡೂ ಕೈಯಿಂದ ಲಂಗ ಬಿಗಿಹಿಡಿದು ತಾಯಿಯ ಮುಖವನ್ನೇ ನೋಡುತ್ತಿತ್ತು.

“ನಾನೇ ತೊಡಿಸ್ತೀನಿ ಮಾವ, ಕೊಡಿ.”

“ಮೊದಲ ಪ್ಯಾಂಟು ತಾತನೇ ತೊಡಿಸೋದು. ಸರಿ ಆಚೆ.” ಮುದುಕ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಚಿಲಕ ಹಾಕಿದ. ನಾಪ್ಲಾ ಬಾಗಿಲು ಬಡಿದಳು. ಫೆಸ್ಟಿ ಅವಳ ತೋಳು ಹಿಡಿದು ಹಿಂದಕ್ಕೆಳೆದ.

ಸ್ವಲ್ಪ ಹೊತ್ತಿಗೆ ಮುದುಕ ಚಿಲಕ ತೆಗೆದ. ಪ್ಯಾಂಟು ಬಾರ್ತ್ಲಿಯ ಕೈಯಲ್ಲೇ ಇತ್ತು.

“ಇದು ಹೆಣ್ಣು,” ಎಂದ.

ನಾಪ್ಲಾ ಕಾಲಿಗೆ ಬಿದ್ದಳು. “ಹುಟ್ಟಿದ್ದೇ ಹೆಣ್ಣು ಮಾವ. ಹೊರಗೆ ಹಾಕ್ತೀರಂತ ಸುಳ್ಳು ಹೇಳಿದೆ. ಇವತ್ತೇ ಹೋಗ್ತೀವಿ. ಏನೂ ಬೇಡ ನಮಗೆ.”

ಮುದುಕ ಬಯ್ಯಲಿಲ್ಲ. ಬಗ್ಗಿ ಅವಳ ತಲೆ ಸವರಿದ. ಒಂಬತ್ತು ವರ್ಷದಲ್ಲಿ ಇದೇ ಮೊದಲು.

“ಪಾಪ, ನಿನ್ನ ಬುದ್ಧಿಗೂ ಮಂಕು ಕವಿಸಿದ್ದಾರೆ. ಅಳಬೇಡ ಮಗಳೇ. ನೀನು ಬಡ್ಕೊಂಡೆ, ನಾನೇ ಕೇಳಲಿಲ್ಲ.”

ಅವನು ದರ್ಜಿಯ ಕಡೆ ತಿರುಗಿದ.

“ಫೆಸ್ಟಿ, ಸಲಿಕೆ ಕೆಂಪಗೆ ಕಾಯಿಸು. ಇದು ಚೀರಿದರೆ ಗುಡ್ಡದವರು ತಮ್ಮದನ್ನು ಒಯ್ದು ನಮ್ಮ ಹುಡುಗನನ್ನು ವಾಪಸ್ ಕೊಡ್ತಾರೆ.”