ಗೊಂಬೆ ಕೊಟ್ಟ ಮಾತು

ಪಕ್ಕದ ಕೋಣೆಯ ದನಿ ಕೇಳಿ ಟೀಚರ್ ಬೆರಳು ಟ್ಯಾಬಿನ ಮೇಲೆ ನಿಂತೇಬಿಟ್ಟಿತು. ತರಗತಿಯಲ್ಲಿ ತುಟಿ ಪಿಟಕ್ಕೆನ್ನದ ಹುಡುಗಿ ಗೊಂಬೆಯಂಥ ಪುಟ್ಟ ರೋಬಾಟಿನ ಮುಂದೆ ಪಾಠವನ್ನು ನೀರು ಕುಡಿದಂತೆ ಓದುತ್ತಿದ್ದಳು. ರೋಬಾಟಿನ ಉತ್ತರಗಳನ್ನೆಲ್ಲ ಗೋಡೆಯ ಈಚೆ ಕೂತು ಟೈಪ್ ಮಾಡುವವಳು ಟೀಚರೇ ಎಂಬುದು ಮಗುವಿಗೆ ಗೊತ್ತಿರಲಿಲ್ಲ.

“ನಂಗೆ ಓದಕ್ಕೆ ಬರುತ್ತೆ ಅಂತ ಮಿಸ್‌ಗೆ ಹೇಳ್ಬೇಡ ಕಣೋ. ಗೊತ್ತಾದ್ರೆ ನಿನ್ನನ್ನ ಬೇರೆಯವರಿಗೆ ಕೊಟ್ಬಿಡ್ತಾರೆ. ಪ್ರಾಮಿಸ್ ಮಾಡು.”

ಬೇರೇನೂ ತೋಚದೆ ಟೀಚರ್ ‘ಪ್ರಾಮಿಸ್’ ಎಂದು ಒತ್ತಿದಳು. ರೋಬಾಟು ಅದನ್ನೇ ನುಡಿದು ಕಣ್ಣು ಮಿಟುಕಿಸಿತು. ಈಗ ಮಾತು ಕೊಟ್ಟದ್ದು ಅದೋ, ತಾನೋ?

ಹೆಡ್‌ಮಾಸ್ಟರ್ ಬಾಗಿಲಲ್ಲಿ ಇಣುಕಿದರು. “ಏನ್ರೀ ಮೇಡಂ, ಬಾಯಿ ಬಿಟ್ಟಳಾ ಮಹಾರಾಣಿ? ಬಿಟ್ಟಿದ್ರೆ ಗೊಂಬೇನ ಮುಂದಿನ ಮಗೂಗೆ ಕೊಡೋಣ.”

ಟೀಚರ್ ಟ್ಯಾಬನ್ನು ಮಡಿಲಲ್ಲಿ ಬೋರಲು ಹಾಕಿದಳು. “ಇನ್ನೂ ಇಲ್ಲ ಸರ್.” ಮಾಡಿದ್ದು ಸರಿಯೋ ತಪ್ಪೋ ತಿಳಿಯಲಿಲ್ಲ. ಯಾರಿಗೂ ಹೇಳಬಾರದು ಎಂಬುದೊಂದೇ ಮನಸ್ಸಿನಲ್ಲಿ ಗಟ್ಟಿಯಾಯಿತು.