ಎರಡನೆಯ ಸಾಲು

ಮುದಿ ರಾಕ್ ಗಾಯಕ ಮೊದಲ ಸಾಲು ಹಾಡಿದ. ಎರಡನೆಯದು ಮರೆತುಹೋಗಿ, ಕಿಕ್ಕಿರಿದ ಕ್ರೀಡಾಂಗಣದತ್ತ ಮೈಕು ಚಾಚಿದ.

"ಥೂ! ಕಾಲೇಜಿನಿಂದ ಇವನ ಭಕ್ತ ನಾನು. ಹಾಡೇ ಮರೆತಿದಾನಲ್ಲೇ!" ವೇದಿಕೆಯ ಎದುರಿಗೇ ನಿಂತಿದ್ದ ಅಭಿಮಾನಿ ಹೆಂಡತಿಯ ಮೇಲೆ ರೇಗಿದ.

"ಕಿರುಚಬೇಡ್ರೀ. ಮದುವೆಯಾದಾಗಿಂದ ದಿನಾ ಬೆಳಗ್ಗೆ ಇದೇ ಹಾಡು ಹಾಕಿ ನನ್ನ ತಲೆ ಚಿಟ್ಟು ಹಿಡಿಸಿದೀರ."

"ಇಂಗ್ಲಿಷ್ ಹಾಡು ನಿಂಗೇನು ಗೊತ್ತು? ಬಾಯ್ಮುಚ್ಚು!" ಎಂದವನೇ ಗಾಯಕನತ್ತ ಕೈ ಬೀಸಿ, "ಪದ ಗೊತ್ತಿಲ್ದಿದ್ರೆ ಮನೇಲಿರೋ!" ಎಂದು ಅರಚಿದ.

ಗಾಯಕ ನಗುತ್ತ ಕೆಳಗಿಳಿದು ಬಂದು ಅವನ ಬಾಯಿಗೇ ಮೈಕು ಹಿಡಿದ.

"ಲಾ... ಲಾ..." ಎಂದು ಅಭಿಮಾನಿ ತೊದಲಿದ. ಇಷ್ಟು ವರ್ಷವೂ ಗುನುಗಿದ್ದನೇ ಹೊರತು ಪದ ಕಲಿತಿರಲಿಲ್ಲ.

ಹೆಂಡತಿ ಸಿಡುಕುತ್ತ ಮೈಕು ಕಿತ್ತುಕೊಂಡು, ಅದೇ ಸಿಟ್ಟಿನಲ್ಲಿ, ಕೊನೆಯವರೆಗೂ ಒಂದು ಪದವೂ ತಪ್ಪದೆ ಹಾಡಿದಳು.